ಪುಡಿ ಉದುರುವ ಹಳೆಯ ಗೋಡೆಗೆ ನೇರವಾಗಿ ಪುಟ್ಟಿ ಬೇಡ

ಹಳೆಯ ಸುಣ್ಣದ ಗಾರೆ, ಅದರ ಮೇಲೆ ಡಿಸ್ಟೆಂಪರ್ (ನೀರಿನಲ್ಲಿ ಕಲಸಿ ಬಳಿಯುವ ಬಣ್ಣ), ಕೈ ಸವರಿದರೆ ಬಿಳಿ ಪುಡಿ, ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು; ನೇರವಾಗಿ ಪುಟ್ಟಿ (ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಿಸುವ ಲೇಪ) ಎಳೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎಳೆಯಬೇಡಿ. ಪುಟ್ಟಿ ಹಿಡಿಯುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ಆಮೇಲೆ ಬಣ್ಣದ ಸಮೇತ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟುಕೊಂಡಿದೆ. ಕೆತ್ತಿ ತೆಗೆದು ಸುಣ್ಣದ ಗಾರೆಯಿಂದಲೇ ತುಂಬಿ. ಸಿಮೆಂಟ್ ಗಾರೆ ಸುಣ್ಣಕ್ಕಿಂತ ಗಡುಸು, ತೇವವನ್ನೂ ಸುಲಭವಾಗಿ ಹೊರಬಿಡದು. ಹಾಗಾಗಿ ತೇಪೆಯ ಅಂಚಿನಲ್ಲೇ ಮತ್ತೆ ಸೀಳು ಬೀಳುತ್ತದೆ.

ಡಿಸ್ಟೆಂಪರನ್ನು ಸ್ಕ್ರೇಪರ್‌ನಿಂದ ಕೆರೆದು, ಬೆಚ್ಚಗಿನ ನೀರು ಮತ್ತು ಸ್ಪಂಜಿನಿಂದ ತೊಳೆಯಿರಿ. ನೀರು ಆಗಾಗ ಬದಲಿಸಿ, ಇಲ್ಲದಿದ್ದರೆ ಅದೇ ಪುಡಿಯನ್ನು ಮತ್ತೆ ಬಳಿದಂತೆ. ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಒರೆಸಿ; ಬಿಳಿ ಹತ್ತಿದರೆ ಇನ್ನೊಮ್ಮೆ ತೊಳೆಯಬೇಕು. ಅಡಿಯಲ್ಲಿ ಹಳೆಯ ಎಣ್ಣೆ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು: ಒಣಗಿದ್ದಾಗ ಉಜ್ಜಲೇಬೇಡಿ, ಒದ್ದೆ ಮಾಡಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಕೂದಲೆಳೆ ಬಿರುಕಿನೊಳಗೆ ಫಿಲ್ಲರ್ ಇಳಿಯುವುದಿಲ್ಲ. ಸ್ಕ್ರೇಪರ್ ಮೂಲೆಯಿಂದ 3–5 ಮಿ.ಮೀ. ಅಗಲಿಸಿ, ಧೂಳು ತೆಗೆದು, ತುಸು ನೀರು ಚಿಮುಕಿಸಿ ಒತ್ತಿ ತುಂಬಿ.

ನೀರು ಸೋರಿ ಗೋಡೆಯ ಮೇಲೆ ಬಿಳಿ ಉಪ್ಪು ಅರಳಿದ್ದರೆ ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಸೋರಿಕೆ ನಿಲ್ಲುವ ತನಕ ಬಣ್ಣದ ಮಾತೇ ಬೇಡ.

ನಂತರ ಪ್ರೈಮರ್ (ಮೇಲಿನ ಲೇಪ ಹಿಡಿಯಲೆಂದು ಬಳಿಯುವ ತಳಕೋಟು), ಅದರ ಮೇಲೆ ಅಕ್ರಿಲಿಕ್ ಪುಟ್ಟಿ ಸುಮಾರು 1 ಮಿ.ಮೀ. ದಪ್ಪದ ಎರಡು ಕೋಟು. ದಪ್ಪಗೆ ಒಂದೇ ಕೋಟು ಹಾಕಿದರೆ ಒಣಗುವಾಗ ಬಿರಿಯುತ್ತದೆ. 180, ಆಮೇಲೆ 220 ನಂಬರಿನ ಮರಳು ಕಾಗದದಿಂದ ಉಜ್ಜಿ, ಧೂಳು ಒರೆಸಿ, ಮತ್ತೊಂದು ಕೋಟು ಪ್ರೈಮರ್ ಕೊಡಿ.