ಎರಡೂ ಕಡೆಯವರ ಹೇಳಿಕೆ ಹಾಕಿಬಿಟ್ಟರೆ ವರದಿ ನಿಷ್ಪಕ್ಷಪಾತ ಆಯಿತಲ್ಲವೇ?

ಆಗುವುದಿಲ್ಲ. ಶಿವಮೊಗ್ಗದ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಒಂಬತ್ತು ವರ್ಷ ಸುದ್ದಿ ತಿದ್ದಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ನಮ್ಮ ಮಲೆನಾಡಿನಲ್ಲಿ ಜಮೀನಿನ ಸುದ್ದಿ ಮುಗಿಯುವುದೇ ಇಲ್ಲ. ಹೊಸನಗರದ ಕಡೆ ಕಾಡಂಚಿನಲ್ಲಿ ಎರಡೆಕರೆ ಅಡಿಕೆ ಹಾಕಿಕೊಂಡವನನ್ನು ಒಬ್ಬ ವರದಿಗಾರ ‘ಬಗರ್‌ಹುಕುಂ ಸಾಗುವಳಿದಾರ’ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಬೆಳೆ ತೆಗೆಯುವವನು) ಎಂದು ಬರೆದು ಕಳಿಸುತ್ತಿದ್ದ, ಇನ್ನೊಬ್ಬ ‘ಅರಣ್ಯ ಒತ್ತುವರಿದಾರ’ ಎಂದು. ಮನುಷ್ಯ ಅವನೇ, ತೋಟ ಅದೇ. ಓದುಗರ ಕಣ್ಣಿಗೆ ಮಾತ್ರ ಒಮ್ಮೆ ಬಡ ರೈತ, ಇನ್ನೊಮ್ಮೆ ಕಳ್ಳ. ಕೆಳಗೆ ಅರಣ್ಯಾಧಿಕಾರಿಯದೂ ರೈತ ಸಂಘದವರದೂ ಹೇಳಿಕೆ ಸಮಸಮ ಹಾಕಿದರೇನು ಬಂತು? ತಲೆಬರಹದಲ್ಲೇ ತೀರ್ಪು ಆಗಿಹೋಗಿರುತ್ತದೆ. ಹಾಗಾಗಿ ನಾನು ಫೋನ್ ಮಾಡಿ ಸರ್ವೆ ನಂಬರ್ ಕೇಳುತ್ತಿದ್ದೆ. ದಾಖಲೆಯಲ್ಲಿ ಅದು ದನ ಮೇಯಲು ಬಿಟ್ಟ ಗೋಮಾಳವಾ, ಅಧಿಸೂಚಿತ ಅರಣ್ಯವಾ? ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಮುಳುಗಿದಾಗ ಸರ್ಕಾರವೇ ತಂದು ಕೂರಿಸಿದ ಕುಟುಂಬವಾ? ಇಷ್ಟು ಗೊತ್ತಾದರೆ ಯಾವ ಪದ ಬಳಸಬೇಕೆಂಬ ಗೊಂದಲ ಬಹುಪಾಲು ತೀರುತ್ತಿತ್ತು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಒಕ್ಕಲುಗಳು ಸತ್ಯಾಗ್ರಹ ಹೂಡಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಅದೇ ಪಂಥದ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಜಗಳದ ಮೂಲದಲ್ಲಿ ಇದ್ದದ್ದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಇಡುತ್ತಾರೆ ಎಂಬುದು ಒಕ್ಕಲುಗಳ ದೂರು. ಅಂಥ ಕಡೆ ‘ದೊಡ್ಡದೆಂದು ಒಕ್ಕಲುಗಳು, ಅಲ್ಲವೆಂದು ಒಡೆಯರು’ ಎಂದಷ್ಟೇ ಬರೆದು ಕೈತೊಳೆದುಕೊಂಡ ವರದಿಗಾರ ಒಡೆಯರ ಕಡೆಗೇ ನಿಂತ ಹಾಗೆ. ಮುಂದಿನ ಸುಗ್ಗಿಗೂ ಅದೇ ಕೊಳಗವಲ್ಲವೇ? ಅದಕ್ಕೆಷ್ಟು ಸೇರು ಹಿಡಿಯುತ್ತದೆಂದು ಅಳೆದು ನೋಡಿ ಬರೆಯಬೇಕು. ಒಕ್ಕಲುಗಳ ಮೇಲೆ ಎಷ್ಟೇ ಕರುಳು ಮಿಡಿಯಲಿ, ಕೊಳಗ ಸರಿಯಿದ್ದರೆ ಸರಿಯಿದೆ ಎಂದೇ ಬರೆಯಬೇಕು. ನಾನು ನಿಷ್ಪಕ್ಷಪಾತ ಎನ್ನುವುದು ಇದನ್ನೇ.

ಪಕ್ಷದ ಒಲವಿಗಿಂತ ದೊಡ್ಡ ಕಾಟ ದುಡ್ಡಿನದು. ತಾಲ್ಲೂಕು ವರದಿಗಾರನ ತಲೆಗೇ ಜಾಹೀರಾತು ತರುವ ಹೊರೆಯನ್ನೂ ಕಟ್ಟಿದರೆ ಅವನು ಯಾರ ವಿರುದ್ಧ ಬರೆದಾನು? ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಆದರೆ ಅದು ಛೀಮಾರಿ ಹಾಕಬಹುದೇ ಹೊರತು ದಂಡ ಹಾಕುವಂತಿಲ್ಲ. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯ ಕಡೆಯವರೇ ಬರೆದುಕೊಟ್ಟ ಬರಹ ನನ್ನ ಮೇಜಿಗೆ ಬಂತು. ‘ಜಾಹೀರಾತು’ ಎಂಬ ಪದ ಮೇಲೆ ಸೇರಿಸಿದೆ. ರಾತ್ರಿ ಪುಟ ಮುದ್ರಣಕ್ಕೆ ಹೋಗುವ ಮೊದಲು ಮೇಲಿನವರು ಅದನ್ನು ತೆಗೆಸಿದರು. ನಾನು ಸುಮ್ಮನಿದ್ದೆ. ಆ ಪುಟವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.