ಈ ಹಾಳೆ ಯಾರಿಗೆ ಹೋಗುತ್ತದೆ?

ನಮ್ಮಲ್ಲಿ ಕೋಚಿಂಗ್ ಎಂದರೆ ಸಿಇಟಿ, ಕೆಎಎಸ್ ಪರೀಕ್ಷೆಗಳ ತರಗತಿ ಎಂದೇ ಅರ್ಥ. ನಾನು ಹೇಳಹೊರಟಿರುವುದು ಉದ್ಯೋಗಸ್ಥರ ಜೊತೆ ಮುಖಾಮುಖಿ ಕುಳಿತು, ಪ್ರಶ್ನೆ ಕೇಳುತ್ತಾ ಅವರೇ ದಾರಿ ಕಂಡುಕೊಳ್ಳುವಂತೆ ನಡೆಸುವ ವೃತ್ತಿ ಕೋಚಿಂಗ್ ಬಗ್ಗೆ. ಈ ಕೆಲಸಕ್ಕೆ ಹೊಸದಾಗಿ ಬಂದ ಕೆಲವರು ತಮ್ಮ ಪ್ರಕರಣಗಳನ್ನು ಚರ್ಚಿಸಲು ನನ್ನ ಬಳಿ ಬರುತ್ತಾರೆ. ಒಂದೇ ಬಗೆಯ ತಪ್ಪನ್ನು ನಾಲ್ಕನೇ ಬಾರಿ ಕಂಡಿದ್ದರಿಂದ ಬರೆಯುತ್ತಿದ್ದೇನೆ. ಸಂಬಂಧಪಟ್ಟ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಕೋಚ್ ಆಗಿದ್ದವರನ್ನು ವೀಣಾ ಎನ್ನೋಣ. ಅವರ ಮುಂದೆ ಕುಳಿತವರು ಒಂದು ಹಣಕಾಸು ಸಂಸ್ಥೆಯ ಶಾಖಾ ವ್ಯವಸ್ಥಾಪಕರು, ಐವತ್ತು ದಾಟಿದವರು. ಪ್ರತಿಯೊಂದು ಕಡತವನ್ನೂ ತಾವೇ ನೋಡಬೇಕೆನ್ನುತ್ತಾರೆ, ಕೈಕೆಳಗಿನವರಿಗೆ ಕೆಲಸ ಬಿಟ್ಟುಕೊಡುವುದಿಲ್ಲ ಎಂಬುದು ದೂರು. ಸಂಸ್ಥೆಯೇ ಹಣ ಕೊಟ್ಟು ಆರು ಭೇಟಿಗಳನ್ನು ಏರ್ಪಡಿಸಿತ್ತು.

ವೀಣಾ ಬಳಸಿದ್ದು ‘ಗ್ರೋ’ ಮಾದರಿ: ಗುರಿ, ವಾಸ್ತವ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಇದು, ಹಿಂದೆ ಕಾರು ಪಂದ್ಯಗಳ ಚಾಲಕರಾಗಿದ್ದ ಜಾನ್ ವಿಟ್ಮೋರ್ 1992ರಲ್ಲಿ ಬರೆದ ಪುಸ್ತಕದಿಂದ ಜಗತ್ತಿನೆಲ್ಲೆಡೆ ಹಬ್ಬಿತು. ವೀಣಾ ಅದನ್ನು ನಾಲ್ಕು ಅಂಕಣಗಳ ಹಾಳೆಯಾಗಿ ಮುದ್ರಿಸಿಕೊಂಡಿದ್ದರು. ಎರಡು ಭೇಟಿಗಳಲ್ಲಿ ಎರಡೂ ಹಾಳೆ ಭರ್ತಿಯಾಗಿದ್ದವು. ಮೂರನೆಯದಕ್ಕೆ ವ್ಯವಸ್ಥಾಪಕರು ಬರಲಿಲ್ಲ.

ಆ ಹಾಳೆಗಳನ್ನು ಓದಿಸಿ ಕೇಳಿದೆ. ಗುರಿ: ಜವಾಬ್ದಾರಿ ಹಂಚುವುದು. ವಾಸ್ತವ: ಸಿಬ್ಬಂದಿಯ ಮೇಲೆ ನಂಬಿಕೆಯಿಲ್ಲ. ಆಯ್ಕೆಗಳು ಐದು. ಸಂಕಲ್ಪದ ಎದುರು ತಾರೀಖು ಕೂಡ ಇತ್ತು. ಹುಡುಕಿದರೂ ಕೊರತೆ ಕಾಣಲಿಲ್ಲ, ನನಗೆ ಕಳವಳವಾದದ್ದೇ ಅದಕ್ಕೆ. ಹಾಳೆಯಲ್ಲಿ ಇಲ್ಲದ ಯಾವುದಾದರೂ ಮಾತನ್ನು ಅವರು ಆಡಿದ್ದರೇ ಎಂದು ಕೇಳಿದೆ. ವೀಣಾ ಸ್ವಲ್ಪ ಹೊತ್ತು ಯೋಚಿಸಿದರು.

“ಮೊದಲ ದಿನ ಒಂದು ಪ್ರಶ್ನೆ ಕೇಳಿದರು ಸರ್. ‘ಮೇಡಂ, ಇದು ತುಂಬಿದ ಮೇಲೆ ಯಾರಿಗೆ ಹೋಗುತ್ತದೆ?’ ಎಂದರು.”

“ನೀವು ಏನು ಹೇಳಿದಿರಿ?”

“ಚಿಂತೆ ಮಾಡಬೇಡಿ ಎಂದು ಹೇಳಿ ಮುಂದಿನ ಅಂಕಣಕ್ಕೆ ಹೋದೆ.”

ಹೇಳಿ ಮುಗಿಸುವಷ್ಟರಲ್ಲೇ ಅವರಿಗೆ ಅರ್ಥವಾಗಿತ್ತು. ಆದರೂ ನಾನು ಬಿಡಲಿಲ್ಲ. ನಿಜಕ್ಕೂ ಯಾರಿಗೆ ಹೋಗುತ್ತದೆ ಎಂದು ಕೇಳಿದೆ. ಮಾನವ ಸಂಪನ್ಮೂಲ ವಿಭಾಗ ವರದಿ ಕೇಳಿದೆಯಂತೆ. ವರದಿಯಲ್ಲಿ ಏನಿರಬೇಕೆಂದು ಮಾತಾಗಿಲ್ಲವಂತೆ. ಅಂದರೆ ಆ ಮನುಷ್ಯ ಎರಡೂ ದಿನ ಉತ್ತರ ಹೇಳಿದ್ದು ವೀಣಾ ಅವರಿಗಲ್ಲ, ಅವರ ಬೆನ್ನ ಹಿಂದೆ ಕುಳಿತಿದ್ದ ಮೇಲಧಿಕಾರಿಗಳಿಗೆ. ಮೇಲಿನವರು ಮೆಚ್ಚುವಂಥ ಉತ್ತರ ಕೊಡುವುದನ್ನು ಇಪ್ಪತ್ತೈದು ವರ್ಷದ ನೌಕರಿ ಯಾರಿಗಾದರೂ ಕಲಿಸುತ್ತದೆ.

ಇದನ್ನು ಕೇಳಿದ ಕೆಲವು ಸಹೋದ್ಯೋಗಿಗಳು ಮಾದರಿಗಳನ್ನೇ ಕೈಬಿಡಿ ಎಂದರು. ನಾನು ಒಪ್ಪುವುದಿಲ್ಲ. ಚೌಕಟ್ಟಿಲ್ಲದ ಮಾತುಕತೆ ಹರಟೆಯಾಗುವುದನ್ನು, ಇಲ್ಲವೇ ಕೋಚ್‌ನ ಉಪದೇಶವಾಗುವುದನ್ನು ನಾನು ಬಹಳ ನೋಡಿದ್ದೇನೆ. ಉಪದೇಶ ಮಾಡುವ ಚಪಲ ನಮ್ಮೆಲ್ಲರಲ್ಲೂ ಇದೆ. ಅದನ್ನು ತಡೆಹಿಡಿಯಲು ಪ್ರಶ್ನೆಗಳ ಕ್ರಮ ಬೇಕು. ಆದರೆ ಕ್ರಮ ಎಂದರೆ ಒಂದರ ನಂತರ ಒಂದು ಎಂಬ ಕಟ್ಟಳೆಯಲ್ಲ. ವಾಸ್ತವವನ್ನು ನೋಡಿದ ಮೇಲೆ ಗುರಿಗೆ ಮರಳಿ ಅದನ್ನು ತಿದ್ದಬೇಕಾದೀತು ಎಂದು ವಿಟ್ಮೋರ್ ಅವರೇ ಹೇಳಿದ್ದಾರೆ. ಇನ್ನು ಗೋಪ್ಯತೆಗೆ ಆ ನಾಲ್ಕು ಹಂತಗಳಲ್ಲಿ ಜಾಗವೇ ಇಲ್ಲ. ಅದು ಮೊದಲ ಪ್ರಶ್ನೆಗಿಂತ ಮೊದಲೇ ಇತ್ಯರ್ಥವಾಗಬೇಕು. 1995ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟದ ನೀತಿಸಂಹಿತೆಯೂ ಹಣ ಕೊಡುವವರು, ಕೋಚ್ ಮತ್ತು ಎದುರು ಕುಳಿತವರ ನಡುವೆ ಇದರ ಬಗ್ಗೆ ಸ್ಪಷ್ಟ ಒಪ್ಪಂದ ಇರಬೇಕೆನ್ನುತ್ತದೆ.

ನಾನು ಕೊಟ್ಟ ಸಲಹೆ: ಮೊದಲು ಸಂಸ್ಥೆಯವರ ಬಳಿ ಹೋಗಿ, ಹಾಜರಾತಿ ಮತ್ತು ಆತ ಒಪ್ಪಿದ ಗುರಿ ಇವೆರಡನ್ನು ಬಿಟ್ಟು ಬೇರೇನನ್ನೂ ತಿಳಿಸುವುದಿಲ್ಲವೆಂದು ಬರೆಸಿಕೊಳ್ಳಿ. ಅವರು ಒಪ್ಪದಿದ್ದರೆ ಕೆಲಸವನ್ನೇ ಬಿಡಿ. ಒಪ್ಪಿದರೆ ಆ ಪತ್ರವನ್ನು ವ್ಯವಸ್ಥಾಪಕರಿಗೆ ತೋರಿಸಿ, ಅಂದು ಅವರ ಪ್ರಶ್ನೆಗೆ ಉತ್ತರಿಸದೆ ಹೋದದ್ದಕ್ಕೆ ಕ್ಷಮೆ ಕೇಳಿ. ಹಾಳೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ನಾಲ್ಕು ಹಂತಗಳು ನಿಮ್ಮ ತಲೆಯಲ್ಲಿದ್ದರೆ ಸಾಕು. ಕ್ಷಮೆ ಕೇಳಿದರೆ ತಮ್ಮ ಮೇಲಿನ ಗೌರವ ಕಡಿಮೆಯಾಗುತ್ತದೆಯೇನೋ ಎಂದು ವೀಣಾ ಅಳುಕಿದರು. ಆದರೆ ಆಗಬಹುದಾದ ನಷ್ಟ ಮೂರನೇ ಭೇಟಿಯ ದಿನವೇ ಆಗಿಹೋಗಿತ್ತು.

ಸಂಸ್ಥೆ ಬರೆದುಕೊಟ್ಟಿತು, ವ್ಯವಸ್ಥಾಪಕರು ಮರಳಿ ಬಂದರು. ಆ ದಿನ ಗುರಿಯ ಮಾತೇ ಬರಲಿಲ್ಲ. ಹಿಂದೊಮ್ಮೆ ಕಿರಿಯರೊಬ್ಬರನ್ನು ನಂಬಿ ಚಿನ್ನದ ಸಾಲದ ಕಾಗದಕ್ಕೆ ಸಹಿ ಹಾಕಿದ್ದರಂತೆ. ಒಡವೆ ನಕಲಿಯಾಗಿತ್ತು. ನಷ್ಟದ ಒಂದು ಪಾಲನ್ನು ಅವರ ಸಂಬಳದಿಂದ ತಿಂಗಳು ತಿಂಗಳೂ ಕಡಿತ ಮಾಡಿದರು. ವೀಣಾ ‘ನಂಬಿಕೆಯಿಲ್ಲ’ ಎಂದು ಬರೆದುಕೊಂಡದ್ದರ ಹಿಂದೆ ಇಷ್ಟೆಲ್ಲ ಇತ್ತು. ಅವರಿಗೆ ಬೇಕಾಗಿದ್ದದ್ದು, ಯಾರ ಸಹಿಗೆ ಯಾರು ಹೊಣೆ ಎಂಬುದರ ಬಗ್ಗೆ ಲಿಖಿತ ನಿಯಮ. ಗುರಿ ಹಾಗೆ ಬದಲಾಯಿತು.

ಅದರ ಮುಂದಿನ ಭೇಟಿಗೆ ಬರುವಾಗ ಅವರು, ಕೇಳದಿದ್ದರೂ, ಸಂಬಳ ಕಡಿತದ ಆ ಹಳೆಯ ಮೆಮೊದ ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ತಂದಿದ್ದರು.