ಮಾರಾಟ ನಿಂತಿರುವುದು ರಸ್ತೆಯಲ್ಲೋ, ಆಫೀಸಿನ ಟ್ರೇನಲ್ಲೋ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ವಾಲ್ವ್ ತಯಾರಿಸುವ ಸಣ್ಣ ಘಟಕ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ನೀರು ಸರಬರಾಜು ಗುತ್ತಿಗೆದಾರರು ನಮ್ಮ ಗಿರಾಕಿಗಳು. ಐದು ಜನ ಸೇಲ್ಸ್‌ಮನ್ ಇದ್ದಾರೆ. ತಿಂಗಳಿಗೆ ಸುಮಾರು 75 ಎನ್‌ಕ್ವಯರಿ ಬರುತ್ತವೆ, ಆರ್ಡರ್ ಆಗುವುದು ಹತ್ತೋ ಹನ್ನೆರಡೋ. ಎರಡು ವರ್ಷದಿಂದ ವ್ಯಾಪಾರ ಇದ್ದಲ್ಲೇ ಇದೆ. ಇನ್ನಿಬ್ಬರು ಸೇಲ್ಸ್‌ಮನ್ ತೆಗೆದುಕೊಂಡು ಎಲ್ಲರ ಟಾರ್ಗೆಟ್ ಏರಿಸಬೇಕೆಂದಿದ್ದೇನೆ. ಶಾಪ್ ಫ್ಲೋರ್‌ನಲ್ಲಿ ಪ್ರೋಸೆಸ್ ಸರಿಪಡಿಸಿ ರಿಜೆಕ್ಷನ್ ಇಳಿಸಿಕೊಂಡಿದ್ದೇವೆ. ಅದೇ ವಿದ್ಯೆ ಸೇಲ್ಸ್‌ಗೂ ನಡೆಯುತ್ತದೆಯೇ? ಅಂದಹಾಗೆ, ಕೊಟೇಶನ್ ಮಾಡುವವರು ಒಬ್ಬರೇ ಇಂಜಿನಿಯರ್. ಅವರ ಹತ್ತಿರ ಯಾವಾಗ ನೋಡಿದರೂ 45ರಷ್ಟು ಬಾಕಿ ಇರುತ್ತವೆ.

ಉತ್ತರ: ನಡೆಯುತ್ತದೆ. ಆದರೆ ನೀವು ‘ಅಂದಹಾಗೆ’ ಎಂದು ಕೊನೆಯಲ್ಲಿ ಸೇರಿಸಿದ ಮಾತೇ ಪತ್ರದ ಮೊದಲ ಸಾಲಾಗಬೇಕಿತ್ತು.

ಒಂದು ಸಣ್ಣ ಲೆಕ್ಕ ಮಾಡೋಣ. ತಿಂಗಳಿಗೆ 25 ಕೆಲಸದ ದಿನ ಹಿಡಿದರೆ ದಿನಕ್ಕೆ ಮೂರು ಎನ್‌ಕ್ವಯರಿ ಒಳಗೆ ಬರುತ್ತವೆ. ಬಾಕಿ ಹೆಚ್ಚೂ ಆಗುತ್ತಿಲ್ಲ, ಕಡಿಮೆಯೂ ಆಗುತ್ತಿಲ್ಲ ಎಂದರೆ ದಿನಕ್ಕೆ ಮೂರು ಹೊರಗೂ ಹೋಗುತ್ತಿವೆ. ಬಾಕಿ 45ನ್ನು ಮೂರರಿಂದ ಭಾಗಿಸಿ: 15. ಅಂದರೆ ಒಂದು ಎನ್‌ಕ್ವಯರಿ ನಿಮ್ಮ ಆಫೀಸಿನಲ್ಲಿ ಸರಾಸರಿ 15 ಕೆಲಸದ ದಿನ ಕೂತಿರುತ್ತದೆ, ಎರಡೂವರೆ ವಾರ. ಇದು ಲಿಟಲ್ ನಿಯಮ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಫೌಂಡ್ರಿಯಲ್ಲಿ ಕಾಯುವ ಕಾಸ್ಟಿಂಗ್‌ಗೂ ಬ್ಯಾಂಕಿನ ಸಾಲಿಗೂ ಕೊಟೇಶನ್‌ಗಾಗಿ ಕಾಗದ ಕಾಯುವ ನಿಮ್ಮ ಇಂಜಿನಿಯರ್ ಟ್ರೇಗೂ ಅನ್ವಯಿಸುವುದು ಒಂದೇ ಸೂತ್ರ.

ಇನ್ನು ಆ ಕಡೆಯಿಂದ ನೋಡಿ. ಕಬ್ಬು ನುರಿಸುವಾಗ ವಾಲ್ವ್ ಕೆಟ್ಟರೆ ಕಾರ್ಖಾನೆಯ ಪರ್ಚೇಸ್‌ನವರು ಸಂಜೆಯೊಳಗೆ ರೇಟು ಕೇಳುತ್ತಾರೆ. ನಿಮ್ಮ ಸೇಲ್ಸ್‌ಮನ್ ‘ನಾಳೆ ಕಳಸ್ತೀವ್ರಿ’ ಎನ್ನುತ್ತಾನೆ. ಎರಡು ವಾರ ಬಿಟ್ಟು ಫೋನ್ ಮಾಡಿದರೆ ‘ಬ್ಯಾರೇ ಕಡೆ ತಗೊಂಡ್ವಿ’ ಎಂಬ ಉತ್ತರ. ದಿನಕ್ಕೆ ಹೊರಹೋಗುವ ಆ ಮೂರರಲ್ಲಿ ಕೆಲವು ಕೊಟೇಶನ್ ಆಗದೆಯೇ, ಹೀಗೆ ರದ್ದಾಗಿ ಹೋಗುತ್ತಿವೆ ಎಂದು ನನ್ನ ಅನುಮಾನ. ಅವು ಎಷ್ಟು ಎಂದು ಮೊದಲು ಎಣಿಸಿ. ರೇಟು ಹೆಚ್ಚಾಗಿ ಆರ್ಡರ್ ಹೋಯಿತು ಎಂದು ಬರೆದಿಟ್ಟಿರುವ ಎಷ್ಟೋ ಪ್ರಕರಣಗಳಲ್ಲಿ ನಿಮ್ಮ ರೇಟು ಗಿರಾಕಿಗೆ ತಲುಪಿಯೇ ಇರುವುದಿಲ್ಲ.

ಈಗ ಇನ್ನಿಬ್ಬರು ಸೇಲ್ಸ್‌ಮನ್ ಬಂದರೆನ್ನಿ. ದಿನಕ್ಕೆ ಮೂರರ ಬದಲು ನಾಲ್ಕು ಎನ್‌ಕ್ವಯರಿ ತಂದರು. ಟೇಬಲ್‌ನಿಂದ ಹೊರಹೋಗುವುದು ಮೂರೇ. ಒಂದು ತಿಂಗಳಲ್ಲಿ ಬಾಕಿ 45ರಿಂದ 70ಕ್ಕೆ ಏರುತ್ತದೆ, ಕಾಯುವುದು 23 ದಿನವಾಗುತ್ತದೆ. ಅಥವಾ ಅಷ್ಟರೊಳಗೆ ಗಿರಾಕಿಗಳೇ ಬೇಸತ್ತು ಸಾಲು ಬಿಟ್ಟು ಹೋಗುತ್ತಾರೆ. ಅಡುಗೆಮನೆಯಲ್ಲಿ ಒಬ್ಬರೇ ರೊಟ್ಟಿ ಬಡಿಯುತ್ತಿರುವಾಗ ಪಂಕ್ತಿಗೆ ಇನ್ನಿಬ್ಬರು ಬಡಿಸುವವರನ್ನು ನಿಲ್ಲಿಸಿದಂತೆ ಇದು. ನಿಮಗೆ ಎರಡು ಸಂಬಳ ಹೆಚ್ಚು, ಗಿರಾಕಿಗೆ ಎಂಟು ದಿನ ಹೆಚ್ಚು.

ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಓದಿದ್ದು ಭೌತಶಾಸ್ತ್ರ. ಅವರು 1980ರ ದಶಕದಲ್ಲಿ ಕಾರ್ಖಾನೆಗಳಿಗೆ ಹೇಳಿದ್ದು ಇದನ್ನೇ: ಇಡೀ ಲೈನಿನ ವೇಗ ಅದರ ಅತಿ ನಿಧಾನದ ಒಂದು ಜಾಗದ ವೇಗವೇ. ಅದನ್ನು ಹುಡುಕು, ಇರುವಷ್ಟರಲ್ಲೇ ಅದರಿಂದ ಪೂರ್ತಿ ಕೆಲಸ ತೆಗೆ, ಉಳಿದವರೆಲ್ಲ ಅದರ ತಾಳಕ್ಕೆ ಹೆಜ್ಜೆ ಹಾಕಲಿ, ಆಮೇಲೆ ಬೇಕಿದ್ದರೆ ಖರ್ಚು ಮಾಡಿ ಅದರ ಸಾಮರ್ಥ್ಯ ಹೆಚ್ಚಿಸು. ಈ ಅನುಕ್ರಮ ಮುಖ್ಯ. ನಮ್ಮಲ್ಲಿ ಬಹುತೇಕರು ನಾಲ್ಕನೆಯದರಿಂದ ಶುರು ಮಾಡುತ್ತಾರೆ, ಅದೂ ತಪ್ಪು ಜಾಗದಲ್ಲಿ.

ನಿಮ್ಮ ಅಡಚಣೆಯ ಜಾಗ ಸಿಕ್ಕಿತು. ಅಲ್ಲಿಂದ ಕೆಲಸ ತೆಗೆಯುವುದು ಹೇಗೆ? ಆ ಇಂಜಿನಿಯರ್ ಪಕ್ಕ ಎರಡು ದಿನ ಒಬ್ಬರನ್ನು ಕೂರಿಸಿ, ಅವರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೊಡುತ್ತಾರೆ ಎಂದು ಬರೆಸಿ. ಬೆಲೆ ಕಟ್ಟುವ ಕೆಲಸಕ್ಕಿಂತ ಮಾಹಿತಿ ಬೆನ್ನಟ್ಟುವ ಕೆಲಸವೇ ಹೆಚ್ಚು ಕಂಡರೆ ನನಗೆ ಆಶ್ಚರ್ಯವಿಲ್ಲ. ‘ನಾಲ್ಕು ಇಂಚಿನ ವಾಲ್ವ್ ಎಂಟು ಬೇಕಂತ’ ಎಂದು ಸೇಲ್ಸ್‌ಮನ್ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಹಾಕುತ್ತಾನೆ. ಗೇಟೋ ಬಾಲೋ? ಪ್ರೆಶರ್ ಕ್ಲಾಸ್ 150 ಇರಬೇಕೋ 300 ಇರಬೇಕೋ? ಬಾಡಿ ಡಬ್ಲ್ಯೂಸಿಬಿ (ಕಾರ್ಬನ್ ಸ್ಟೀಲ್) ಸಾಕೋ, ಸಿಎಫ್8ಎಂ (ಸ್ಟೇನ್‌ಲೆಸ್ ಸ್ಟೀಲ್) ಬೇಕೋ? ಒಳಗೆ ಹರಿಯುವುದು ನೀರೋ, ಹಬೆಯೋ, ಮೊಲಾಸಿಸ್ಸೋ? ಉಷ್ಣಾಂಶ ಎಷ್ಟು, ಫ್ಲೇಂಜ್ ಇದೆಯೋ ಇಲ್ಲವೋ? ಇದನ್ನೆಲ್ಲ ಕೇಳಿ ತಿಳಿಯಲು ನಾಲ್ಕು ಫೋನ್. ಅವನು ಬೈಕ್ ಮೇಲಿರುತ್ತಾನೆ, ಗಿರಾಕಿ ಊಟಕ್ಕೆ ಹೋಗಿರುತ್ತಾನೆ, ಕಾಗದ ಮತ್ತೆ ಟ್ರೇಗೆ.

ಶಾಪ್ ಫ್ಲೋರ್‌ನಲ್ಲಿ ಅಳತೆ ತಪ್ಪಿದ ಕಾಸ್ಟಿಂಗನ್ನು ನೀವು ಮಶಿನ್ ಮೇಲೆ ಏರಿಸುವುದಿಲ್ಲ, ಒಳಬರುವಾಗಲೇ ತಿರುಗಿಸಿ ಕಳಿಸುತ್ತೀರಿ. ಇಲ್ಲೂ ಹಾಗೇ ಮಾಡಿ. ಒಂದು ಪುಟದ ಫಾರ್ಮ್ ಇರಲಿ, ಏಳೆಂಟು ಕಲಂ ಸಾಕು. ಎಲ್ಲ ಕಲಂ ತುಂಬದ ಎನ್‌ಕ್ವಯರಿ ಟ್ರೇ ಒಳಗೆ ಬರಲೇಬಾರದು. ಮೊದಲ ವಾರ ಸೇಲ್ಸ್‌ನವರು ಗೊಣಗುತ್ತಾರೆ, ಗೊಣಗಲಿ. ಜೊತೆಗೆ, ಅರ್ಧ ಇಂಚಿನಿಂದ ಎರಡು ಇಂಚಿನವರೆಗಿನ ಮಾಮೂಲು ಬಾಲ್ ವಾಲ್ವ್‌ಗಳಿಗೆ ರೇಟ್ ಲಿಸ್ಟ್ ಮುದ್ರಿಸಿ ಸೇಲ್ಸ್‌ಮನ್ ಕೈಗೇ ಕೊಡಿ. ಅವನು ಗಿರಾಕಿಯ ಟೇಬಲ್ ಮೇಲೇ ಬೆಲೆ ಬರೆದುಕೊಡಲಿ. ಇಂಜಿನಿಯರ್ ತಲೆ ಬೇಕಾದ ಕೆಲಸ ಮಾತ್ರ ಇಂಜಿನಿಯರ್ ಬಳಿ ಬರಲಿ.

ಅವರನ್ನು ಬೆಳಗಿನಿಂದ ಸಂಜೆವರೆಗೆ ಪೂರ್ತಿ ‘ಬ್ಯುಸಿ’ ಇಡಬೇಕೆಂಬ ಆಸೆಯನ್ನೂ ಬಿಡಿ. ಕೆಲಸ ಹೊತ್ತುಗೊತ್ತಿಲ್ಲದೆ ಬರುವ ಕಡೆ ಸರತಿ ಲೆಕ್ಕ ನಮ್ಮ ಅಂದಾಜಿನಂತೆ ನಡೆಯುವುದಿಲ್ಲ. ಎಲ್ಲಕ್ಕಿಂತ ಸರಳವಾದ ಒಬ್ಬನೇ ಕೆಲಸಗಾರನ ಲೆಕ್ಕ ನೋಡಿ. ಅವನ ಸಮಯದ ಶೇ 80 ತುಂಬಿದ್ದರೆ ಹೊಸ ಕೆಲಸವೊಂದು ತನ್ನ ಸರದಿಗಾಗಿ ಸರಾಸರಿ ನಾಲ್ಕು ಕೆಲಸದಷ್ಟು ಹೊತ್ತು ಕಾಯುತ್ತದೆ. ಶೇ 90 ಆದರೆ ಒಂಬತ್ತು, ಶೇ 95 ಆದರೆ ಹತ್ತೊಂಬತ್ತು. ಕೊನೆಯ ಆ ಐದು ಪರ್ಸೆಂಟ್ ಹಿಂಡಲು ಹೋಗಿ ಕಾಯುವಿಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅವರು ದಿನದಲ್ಲಿ ಒಂದು ತಾಸು ಕೈಕಟ್ಟಿ ಕೂತಿದ್ದರೆ ಅದನ್ನು ಮೈಗಳ್ಳತನ ಎಂದುಕೊಳ್ಳಬೇಡಿ.

ಮಾಲೀಕರಿಗೆ ಕಷ್ಟವಾಗುವುದು ಗೋಲ್ಡ್‌ರಾಟ್ ಹೇಳಿದ ಮೂರನೆಯ ಹೆಜ್ಜೆ, ಉಳಿದವರನ್ನು ಅಡಚಣೆಯ ತಾಳಕ್ಕೆ ನಡೆಸುವುದು. ಬಾಕಿ ಇಂತಿಷ್ಟೇ ಎಂದು ಮಿತಿ ಹಾಕಿ, 15 ಎನ್ನಿ. ಮಿತಿ ತುಂಬಿದಾಗ ಸೇಲ್ಸ್‌ಮನ್ ಹೊಸ ಎನ್‌ಕ್ವಯರಿಗೆ ಅಲೆಯದೆ, ಈಗಾಗಲೇ ಹೋಗಿರುವ ಕೊಟೇಶನ್‌ಗಳ ಹಿಂದೆ ಬೀಳಲಿ. ಗಿರಾಕಿಯ ಬಳಿ ಕೂತು ಡ್ರಾಯಿಂಗ್ ಒಪ್ಪಿಸಲಿ, ಹಳೆ ಬಿಲ್ ವಸೂಲಿ ಮಾಡಲಿ. ‘ರೋಡ್ ಮೇಲೆ ಇಲ್ಲದ ಸೇಲ್ಸ್‌ಮನ್ ದಂಡ’ ಎಂಬ ನಂಬಿಕೆ ನಮ್ಮ ಊರಲ್ಲಿ ಗಟ್ಟಿ. ದಿನಕ್ಕೆ ಎಷ್ಟು ಭೇಟಿ ಎಂದು ರಿಪೋರ್ಟ್ ಕೇಳುವವರಿಗೆ ಭೇಟಿಗಳು ಸಿಗುತ್ತವೆ, ಆರ್ಡರ್ ಸಿಗುತ್ತದೆಂಬ ಭರವಸೆ ಇಲ್ಲ.

ಇಷ್ಟು ಮಾಡಿದ ಮೇಲೂ ಟ್ರೇ ತುಂಬಿದರೆ ಆಗ ಖರ್ಚು ಮಾಡಿ. ಇಬ್ಬರು ಸೇಲ್ಸ್‌ಮನ್ ಬೇಡ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆ ಟೇಬಲ್‌ಗೇ ತೆಗೆದುಕೊಳ್ಳಿ.

ಆಮೇಲೆ ಅಡಚಣೆ ಜಾಗ ಬದಲಿಸುತ್ತದೆ. ನಿಮ್ಮ ಗಾತ್ರದ ಘಟಕಗಳಲ್ಲಿ ಅದು ಹೋಗಿ ನಿಲ್ಲುವುದು ಹೆಚ್ಚಾಗಿ ಮಾಲೀಕರ ಕೋಣೆಯಲ್ಲಿ. ‘ಡಿಸ್ಕೌಂಟ್ ಸಾಹುಕಾರ್ರನ್ನ ಕೇಳ್ಬೇಕ್ರಿ’ ಎಂದು ಕಾಗದ ಅಲ್ಲಿ ಕಾಯುತ್ತದೆ, ಸಾಹುಕಾರರು ಪುಣೆಗೆ ಹೋಗಿರುತ್ತಾರೆ. ಒಂದು ಮಿತಿಯವರೆಗಿನ ರಿಯಾಯಿತಿಯನ್ನು ಸೇಲ್ಸ್‌ನವರಿಗೇ ಬಿಟ್ಟುಕೊಡಿ.

ಶಾಪ್ ಫ್ಲೋರಿನ ಎಲ್ಲವೂ ಹಾಗೇ ಇಲ್ಲಿಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಲೇತ್ ಮೇಲಿನ ಕಬ್ಬಿಣಕ್ಕೆ ಮನಸ್ಸಿಲ್ಲ, ಗಿರಾಕಿಗೆ ಇದೆ. ಸೇಲ್ಸ್‌ಮನ್ ಏನು ಮಾತಾಡಬೇಕೆಂದು ಅಕ್ಷರಕ್ಷರ ಬರೆದುಕೊಟ್ಟು ಅದನ್ನು ಪ್ರೋಸೆಸ್ ಎಂದು ಕರೆಯುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಮಾತು ಅವನಿಗೆ ಬಿಡಿ, ಕಾಗದ ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೀವು ನೋಡಿ.

ಪ್ರಶ್ನೆ: ಗದಗದಲ್ಲಿ ಬೇಕರಿ, ಸ್ವೀಟ್ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮುದ್ರಿಸಿ ಕೊಡುತ್ತೇವೆ. ದಸರಾ-ದೀಪಾವಳಿಯ ಎರಡು ತಿಂಗಳು ಬಿಟ್ಟು ಉಳಿದ ಹತ್ತು ತಿಂಗಳ ಮಾರಾಟ ಲಕ್ಷ ರೂಪಾಯಿಗಳಲ್ಲಿ ಹೀಗಿದೆ: 18, 21, 17, 20, 22, 19, 16, 21, 18, 20. 22 ಆದಾಗ ಎಲ್ಲರಿಗೂ ಪಾರ್ಟಿ ಕೊಟ್ಟೆ, ಮರು ತಿಂಗಳೇ 19ಕ್ಕೆ ಬಿತ್ತು. 16 ಆದಾಗ ಕೂರಿಸಿಕೊಂಡು ಬೈದೆ, 21ಕ್ಕೆ ಏರಿತು. ಬೈದರೇನೇ ಕೆಲಸ ಅಂತಾಯ್ತಲ್ರೀ?

ಉತ್ತರ: ಬೈಯದೆ ಇದ್ದಿದ್ದರೂ ಬಹುಶಃ ಏರುತ್ತಿತ್ತು. ಪಾರ್ಟಿ ಕೊಡದಿದ್ದರೂ ಇಳಿಯುತ್ತಿತ್ತು. ತೀರಾ ಮೇಲಿನ ಅಂಕಿಯ ನಂತರ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ, ತೀರಾ ಕೆಳಗಿನದರ ನಂತರದ್ದು ಮೇಲಿರುತ್ತದೆ. ನೀವು ಬೈದದ್ದು ಅಂಕಿ ತಾನಾಗಿ ಏರುವ ಹೊತ್ತಿನಲ್ಲಿ, ಪಾರ್ಟಿ ಕೊಟ್ಟದ್ದು ತಾನಾಗಿ ಇಳಿಯುವ ಹೊತ್ತಿನಲ್ಲಿ. ಹಾಗಾಗಿ ಬೈಗುಳಕ್ಕೆ ಸುಮ್ಮನೆ ಒಳ್ಳೆ ಹೆಸರು ಬಂತು.

1924ರಲ್ಲಿ ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ ಒಂದು ಚಾರ್ಟ್ ಬರೆದುಕೊಟ್ಟರು. ಎಲ್ಲ ಕೆಲಸಕ್ಕೂ ಅದರದೇ ಏರಿಳಿತ ಇರುತ್ತದೆ, ಅದರಾಚೆ ಹೋದಾಗ ಮಾತ್ರ ವಿಶೇಷ ಕಾರಣ ಹುಡುಕಬೇಕು ಎಂಬುದು ಅದರ ತಿರುಳು. ನಿಮ್ಮ ಅಂಕಿಗಳಿಗೆ ಹಚ್ಚಿ ನೋಡೋಣ. ಸರಾಸರಿ 19.2. ಒಂದು ತಿಂಗಳಿಂದ ಮುಂದಿನ ತಿಂಗಳಿಗೆ ಆಗುವ ವ್ಯತ್ಯಾಸಗಳ ಸರಾಸರಿ ಸುಮಾರು 3.1. ಅದನ್ನು ಇಂಥ ಚಾರ್ಟಿಗೆ ನಿಗದಿಯಾಗಿರುವ 2.66 ಎಂಬ ಅಂಕಿಯಿಂದ ಗುಣಿಸಿದರೆ 8.3. ಸರಾಸರಿಗೆ ಅಷ್ಟು ಕೂಡಿ, ಅಷ್ಟು ಕಳೆಯಿರಿ: ಮೇಲಿನ ಗೆರೆ 27.5, ಕೆಳಗಿನದು 10.9. ನಿಮ್ಮ ಹತ್ತೂ ತಿಂಗಳು ಈ ಎರಡು ಗೆರೆಗಳ ನಡುವೆಯೇ ಇವೆ. 16 ಲಕ್ಷದ ತಿಂಗಳಿಗೂ 22 ಲಕ್ಷದ ತಿಂಗಳಿಗೂ ಹೊಣೆ ಒಂದೇ ವ್ಯವಸ್ಥೆ, ಯಾವ ಸೇಲ್ಸ್‌ಮನ್ನೂ ಅಲ್ಲ.

ಹಾಗಾದರೆ ಸುಮ್ಮನಿರುವುದೇ? ಅಲ್ಲ. ಆ 19.2ನ್ನೇ ಮೇಲೆತ್ತಬೇಕಿದ್ದರೆ ಡಿಸೈನ್ ಒಪ್ಪಿಗೆಗೆ ಎಷ್ಟು ದಿನ ಹಿಡಿಯುತ್ತದೆ, ಡೆಲಿವರಿ ತಪ್ಪಿ ಎಷ್ಟು ಅಂಗಡಿ ಕೈಬಿಟ್ಟವು ಎಂದು ನೋಡಿ, ಅಲ್ಲಿ ಕೈ ಹಾಕಿ. ಹಬ್ಬದ ಎರಡು ತಿಂಗಳನ್ನು ಬೇರೆ ಇಟ್ಟದ್ದು ಸರಿಯಾಯಿತು. ಅವನ್ನು ಹಿಂದಿನ ವರ್ಷದ ಹಬ್ಬದ ಜೊತೆ ಮಾತ್ರ ಹೋಲಿಸಿ. ಮುಂದೆ ಒಂದು ತಿಂಗಳು 10ಕ್ಕೆ ಇಳಿದರೆ ಆಗ ಎದ್ದು ವಿಚಾರಿಸಿ. ಆಗಲೂ ಮೊದಲು ಕೇಳಬೇಕಾದದ್ದು ‘ಏನಾಯ್ತು’ ಎಂದು, ‘ಯಾರು’ ಎಂದಲ್ಲ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಪುಡಿ ಪ್ಯಾಕೆಟ್ ಮಾಡಿ ಹಾವೇರಿ, ದಾವಣಗೆರೆ, ಶಿವಮೊಗ್ಗ ಕಡೆ ಮಾರುತ್ತೇವೆ. ತಿಂಗಳ ಅರ್ಧ ಮಾರಾಟ ಕೊನೆಯ ಐದು ದಿನದಲ್ಲೇ ಆಗುತ್ತದೆ. ಮುಂದಿನ ತಿಂಗಳ ಎರಡನೇ ವಾರ ಮಾಲು ವಾಪಸ್ ಬರಲು ಶುರು. ತಡೆಯುವುದು ಹೇಗೆ?

ಉತ್ತರ: ಕೊನೆಯ ಐದು ದಿನದಲ್ಲಿ ಜನ ಹೆಚ್ಚು ಖಾರ ತಿನ್ನುವುದಿಲ್ಲ. ಆಗ ನಡೆಯುವುದು ಟಾರ್ಗೆಟ್ ಮುಟ್ಟುವ ಕೆಲಸ. ನಿಮ್ಮ ಇನ್ಸೆಂಟಿವ್ ಬಿಲ್ ಆದ ಮಾಲಿಗೆ ಸಿಗುತ್ತದೆ, ಆದ್ದರಿಂದ ಸೇಲ್ಸ್‌ಮನ್ ಅಂಗಡಿಗೆ ತುಂಬುತ್ತಾನೆ. ‘ಇಟ್ಕೊಳ್ರಿ, ಹೋಗ್ಲಿಲ್ಲಾಂದ್ರ ವಾಪಸ್ ಒಯ್ತೀನಿ’ ಎಂದು ಅವನೇ ಹೇಳಿರುತ್ತಾನೆ.

ನಿಮಗೆ ಇದರ ನಷ್ಟ ಬೇರೆಯವರಿಗಿಂತ ಹೆಚ್ಚು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಪುಡಿ ಬೆಳಕು, ಬಿಸಿಗೆ ಸಿಕ್ಕಷ್ಟೂ ಬಣ್ಣ ಕಳೆದುಕೊಳ್ಳುತ್ತದೆ. ಬಿಸಿಲು ಬೀಳುವ ಅಂಗಡಿಯ ಮುಂದೆ ನೇತಾಡಿ ವಾಪಸ್ ಬಂದ ಪ್ಯಾಕೆಟ್ ಅನ್ನು ಇನ್ನೊಂದು ಅಂಗಡಿಗೆ ಕೊಟ್ಟರೆ ಹೆಸರು ಕೆಡುವುದು ನಿಮ್ಮದೇ.

ಟೊಯೊಟಾದ ತೈಚಿ ಓನೊ ಕಾರ್ಖಾನೆಯಲ್ಲಿ ಮಾಡಿದ್ದನ್ನು ಇಲ್ಲಿ ಮಾಡಿ: ಮುಂದಿನವನು ಎಷ್ಟು ಖಾಲಿ ಮಾಡಿದನೋ ಅಷ್ಟನ್ನೇ ತುಂಬುವುದು. ವಾರಕ್ಕೊಮ್ಮೆ ನಿಗದಿತ ದಿನದಂದು ಸೇಲ್ಸ್‌ಮನ್ ಅಂಗಡಿಗೆ ಹೋಗಲಿ, ಉಳಿದ ಪ್ಯಾಕೆಟ್ ಎಣಿಸಿ ಹೋದಷ್ಟನ್ನೇ ಇಡಲಿ. ಇನ್ಸೆಂಟಿವ್ ವಸೂಲಾದ ಹಣದ ಮೇಲಿರಲಿ, ವಾಪಸ್ ಬಂದ ಮಾಲು ಅದರಲ್ಲಿ ಕಳೆದುಹೋಗಲಿ. ಲೆಕ್ಕ ತಿಂಗಳಿಗೊಮ್ಮೆ ಬೇಡ, ವಾರಕ್ಕೊಮ್ಮೆ ಇರಲಿ. ತಿಂಗಳ ಕೊನೆಯ ಹತ್ತಕ್ಕೊಂದು ಫ್ರೀ ಸ್ಕೀಮ್ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಅಂಗಡಿಯವರು ಅದಕ್ಕಾಗಿಯೇ 25ನೇ ತಾರೀಖಿನವರೆಗೆ ಆರ್ಡರ್ ತಡೆಹಿಡಿದಿರುತ್ತಾರೆ.

ಒಂದು ಎಚ್ಚರಿಕೆ. ಬದಲಿಸಿದ ಮೊದಲ ತಿಂಗಳು, ಪ್ರಾಯಶಃ ಎರಡನೆಯದೂ, ನಿಮ್ಮ ಬಿಲ್ಲಿಂಗ್ ಬೀಳುತ್ತದೆ, ಯಾಕೆಂದರೆ ಅಂಗಡಿಗಳಲ್ಲಿ ತುಂಬಿಟ್ಟ ಹಳೆ ಮಾಲು ಮೊದಲು ಕರಗಬೇಕು. ಇದನ್ನು ಸೇಲ್ಸ್‌ನವರಿಗೆ ಮುಂಚೆಯೇ ತಿಳಿಸಿ, ಆ ಎರಡು ತಿಂಗಳು ಅವರಿಗೆ ಹಳೆ ಸರಾಸರಿ ಇನ್ಸೆಂಟಿವನ್ನೇ ಕೊಡಿ. ಬ್ಯಾಂಕಿನಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಲಿಮಿಟ್ ಇದ್ದರೆ ಮ್ಯಾನೇಜರ್‌ಗೂ ಹೇಳಿಡಿ. ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಮಾರಾಟ ಇಳಿದದ್ದನ್ನು ಅವರಾಗಿಯೇ ನೋಡಿ ಫೋನ್ ಮಾಡುವುದಕ್ಕಿಂತ ಅದು ಒಳ್ಳೆಯದು. ಶುರು ಮಾಡುವುದಾದರೆ ದಸರಾ ಹತ್ತಿರವಿಲ್ಲದ ತಿಂಗಳು ಆರಿಸಿಕೊಳ್ಳಿ, ಮೂರೂ ಜಿಲ್ಲೆಗಳಲ್ಲಿ ಒಟ್ಟಿಗೆ ಬೇಡ, ಮೊದಲು ಹಾವೇರಿಯ ಒಂದು ಬೀಟ್‌ನಲ್ಲಿ (ಒಬ್ಬ ಸೇಲ್ಸ್‌ಮನ್ ಸುತ್ತುವ ಅಂಗಡಿಗಳ ಸಾಲಿನಲ್ಲಿ) ಮಾಡಿ ನೋಡಿ.